ಜಾವಾದ ಹೆಸರು ಹೊತ್ತ ಬಂಗಾಳದ ಮೀನು

ಫ್ರಾನ್ಸಿಸ್ ಬುಕನನ್ ಎಂದೊಡನೆ ನಮಗೆ ನೆನಪಾಗುವುದು ಅವನ ಮೈಸೂರು ಪ್ರವಾಸ. ಟಿಪ್ಪು ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಈ ಸ್ಕಾಟ್ಲೆಂಡಿನ ವೈದ್ಯ ಮೈಸೂರು, ಕೆನರಾ, ಮಲಬಾರುಗಳನ್ನೆಲ್ಲ ಸುತ್ತಿ, ಎಲ್ಲಿ ಏನು ಬಿತ್ತುತ್ತಾರೆ, ತೋಟಕ್ಕೆ ನೀರು ಹೇಗೆ ಹಾಯಿಸುತ್ತಾರೆ, ಯಾವ ಊರಿನ ನೇಯ್ಗೆ ಎಂಥದು ಎಂದು ಬಿಡದೆ ಬರೆದಿಟ್ಟ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಹೊರಬಂತು. ನಮ್ಮ ಜಿಲ್ಲೆಗಳ ಚರಿತ್ರೆ ಬರೆಯಲು ಕೂತವರು ಇವತ್ತಿಗೂ ಅವನ ಮನೆ ಬಾಗಿಲು ತಟ್ಟದೆ ಮುಂದಕ್ಕೆ ಹೋಗುವುದಿಲ್ಲ.

ಮೀನಿನ ವಿಜ್ಞಾನ ಓದಿದವರಿಗೆ ಇದೇ ಮನುಷ್ಯ ಬೇರೆ ಹೆಸರಿನಿಂದ ಗೊತ್ತು: ಹ್ಯಾಮಿಲ್ಟನ್. ತಾಯಿಯ ಕಡೆಯ ಆಸ್ತಿ ಬಂದ ಮೇಲೆ ಆ ಮನೆತನದ ಹೆಸರನ್ನೇ ಇಟ್ಟುಕೊಂಡ. ಒಬ್ಬನೇ ಮನುಷ್ಯ, ಎರಡು ಹೆಸರು. ಗ್ರಂಥಾಲಯದ ಸೂಚಿಯಲ್ಲಿ ಅವನನ್ನು ಹುಡುಕುವವರು ಇಂದಿಗೂ ಒಮ್ಮೆ ತಡವರಿಸುತ್ತಾರೆ. ಅವನೇ ಹೆಸರಿಟ್ಟ ಒಂದು ಮೀನಿಗೆ ಇದರ ತಿರುಗುಮುರುಗಾದ ಗತಿ ಬಂತು. ಒಂದೇ ಹೆಸರಿನ ಕೆಳಗೆ ಹಲವು ಮೀನುಗಳನ್ನು ತುಂಬಿಟ್ಟರು, ಅದರೊಳಗೆ ಇದೂ ಕಳೆದುಹೋಯಿತು. ಮತ್ತೆ ಕೈಗೆ ಸಿಕ್ಕಿದ್ದು 2008ರಲ್ಲಿ.

ಆ ಮೀನೇ ಬಂಗಾಳಿಗಳ ಮಾಗುರ್. ನಮ್ಮ ಘಟ್ಟದ ಮೇಲೆ ಮುರುಗೋಡು ಎಂದೂ ಕರಾವಳಿಯಲ್ಲಿ ಮುಗುಡು ಎಂದೂ ಕರೆಯುವ ಮೀನಿನ ಹತ್ತಿರದ ನೆಂಟ. ಮೈಯಲ್ಲಿ ಹುರುಪೆ ಇಲ್ಲ, ಮುಟ್ಟಿದರೆ ಲೋಳೆ. ಬಾಯಿ ಸುತ್ತ ನಾಲ್ಕು ಜೊತೆ ಮೀಸೆ, ಎದೆಯ ಎರಡು ರೆಕ್ಕೆಗಳಲ್ಲಿ ಒಂದೊಂದು ಗಟ್ಟಿ ಮುಳ್ಳು, ಕತ್ತಿನ ಹಿಂದಿನಿಂದ ಬಾಲದ ಬುಡದವರೆಗೆ ಒಂದೇ ಉದ್ದ ಬೆನ್ನರೆಕ್ಕೆ. ಕಿವಿರಿನ ಮೇಲುಗಡೆ, ತಲೆಬುರುಡೆಯ ಪಕ್ಕದಲ್ಲಿ, ಹೂಕೋಸಿನ ಸಣ್ಣ ಗೊಂಚಲಿನಂತೆ ಕವಲೊಡೆದ ಕೆಂಪು ಅಂಗ ಒಂದಿದೆ. ಅದರ ಬಲದಿಂದ ಮೀನು ಗಾಳಿಯನ್ನೇ ಉಸಿರಾಡುತ್ತದೆ. ಹೊಂಡ ಬತ್ತಿ ಕೆಸರಾದರೂ ಸಾಯುವುದಿಲ್ಲ. ಮಳೆಯ ರಾತ್ರಿ ಎದೆಮುಳ್ಳನ್ನು ಊರುತ್ತ, ಮೈ ಬಳುಕಿಸುತ್ತ ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಮೀನು ಮಾರುವವರು ನೀರಿಲ್ಲದ ಬುಟ್ಟಿಯಲ್ಲಿ ಒದ್ದೆ ಸೊಪ್ಪು ಮುಚ್ಚಿ ತಂದರೂ ಸಂತೆಯಲ್ಲಿ ಜೀವಂತ ಹರಿದಾಡುತ್ತಿರುತ್ತದೆ. ಬಂಗಾಳ ಮತ್ತು ಅಸ್ಸಾಮಿನಲ್ಲಿ ಜ್ವರ ಬಿಟ್ಟವರಿಗೆ, ಹೆತ್ತ ಹೆಂಗಸರಿಗೆ ಇದರ ತೆಳುಸಾರು ಕೊಡುತ್ತಾರೆ.

ಮೈಸೂರಿಗೆ ಬರುವ ಮೊದಲೇ ಬುಕನನ್‌ಗೆ ಮೀನಿನ ಹುಚ್ಚು ಹಿಡಿದಿತ್ತು. 1790ರ ದಶಕದ ಕೊನೆಗೆ ಇಂದಿನ ಬಾಂಗ್ಲಾದೇಶದ ಲಕ್ಷ್ಮೀಪುರದ ಬಳಿ ಕಂಪನಿಯ ವೈದ್ಯನಾಗಿದ್ದಾಗ ಅಲ್ಲಿನ ಮೀನುಗಳನ್ನು ಗುರುತು ಹಾಕಿಕೊಳ್ಳಲು ಶುರುಮಾಡಿದ. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಸರ್ವೆ ಅವನ ಕೈಗೆ ಬಂದಾಗ ಆ ಹುಚ್ಚಿಗೆ ಸರ್ಕಾರಿ ಪಲ್ಲಕ್ಕಿ ಸಿಕ್ಕಿತು. ಹೋದ ಹೋದಲ್ಲಿ ಬೆಸ್ತರನ್ನು ಕರೆಸಿ, ಬಲೆಗೆ ಬಿದ್ದದ್ದನ್ನು ನೋಡಿ, ಹೆಸರು ಕೇಳಿ, ಸ್ಥಳೀಯ ಚಿತ್ರಕಾರರಿಂದ ಚಿತ್ರ ಬರೆಸಿದ. 1822ರಲ್ಲಿ ಎಡಿನ್‌ಬರೋದಲ್ಲಿ ಅಚ್ಚಾದ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ 269 ಪ್ರಭೇದಗಳ ವಿವರಣೆ ಇದೆ, 39 ಫಲಕಗಳಲ್ಲಿ 97 ಚಿತ್ರಗಳಿವೆ.

ಆ ಪುಸ್ತಕದಲ್ಲಿ ನನಗೆ ಹಿಡಿಸುವುದು ಅವನ ಹೆಸರಿಡುವ ಕ್ರಮ. ಅವನ ಕಾಲದ ಯೂರೋಪಿನ ಪಂಡಿತರು ಗ್ರೀಕ್, ಲ್ಯಾಟಿನ್ ನಿಘಂಟು ತಿರುವಿಹಾಕುತ್ತಿದ್ದಾಗ ಇವನು ಬೆಸ್ತರ ಬಾಯಿಮಾತನ್ನೇ ಎತ್ತಿಕೊಂಡ. ರೋಹು, ಕಾಟ್ಲಾ, ಮೃಗಾಲ್, ಕಾಲ್‌ಬಾಸು ಇವೆಲ್ಲ ವಿಜ್ಞಾನದ ಹೆಸರಿನೊಳಗೆ ಕೂತಿರುವುದು ಹೀಗೆ. ನಮ್ಮ ಮೀಸೆಯ ಮೀನನ್ನು 'ಮ್ಯಾಕ್ರಾಪ್ಟೆರೊನೋಟಸ್ ಮಾಗುರ್' ಎಂದು ಬರೆದ. ಮೊದಲ ಪದ ಗ್ರೀಕಿನದು, ಉದ್ದ ಬೆನ್ನರೆಕ್ಕೆಯದು ಎಂದು ಅರ್ಥ. ಎರಡನೆಯದು ಬಂಗಾಳದ ಸಂತೆಯಲ್ಲಿ ಕೂಗುವ ಮಾತು.

ಒಂದು ಕೆಲಸ ಮಾತ್ರ ಅವನು ಮಾಡಲಿಲ್ಲ. ತಾನು ವಿವರಿಸಿದ ಮೀನುಗಳನ್ನು ಸ್ಪಿರಿಟ್ಟಿನ ಜಾಡಿಯಲ್ಲಿಟ್ಟು ಮುಂದಿನವರಿಗೆ ಉಳಿಸಲಿಲ್ಲ. 1815ರಲ್ಲಿ ಅವನು ಊರಿಗೆ ಹೊರಟಾಗ ಚಿತ್ರಗಳ ವಿಷಯದಲ್ಲೂ ಜಗಳವಾಗಿ, ಬರೆಸಿದ್ದ ಎಷ್ಟೋ ಚಿತ್ರಗಳು ಕೊಲ್ಕತ್ತದಲ್ಲೇ ಉಳಿದವು. ಗಂಗೆಯ ಮೀನುಗಳ ವಿಷಯದಲ್ಲಿ ಮುಂದಿನ ಇನ್ನೂರು ವರ್ಷಗಳ ತಕರಾರುಗಳಲ್ಲಿ ಅರ್ಧದಷ್ಟು ಈ ಒಂದು ಕೊರತೆಯಿಂದ ಹುಟ್ಟಿದವು ಎಂದರೆ ತಪ್ಪಾಗದು.

ಯಾಕೆ ಎನ್ನುವುದಕ್ಕೆ ನಮ್ಮ ಹಳ್ಳಿಯ ಬಾಂದುಕಲ್ಲನ್ನು ನೆನೆಯಬೇಕು. ಸರ್ವೆ ನಂಬರಿನ ಮೂಲೆಗೆ ನೆಟ್ಟ ಕಲ್ಲು ಇರುವ ತನಕ ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಬಹುದು. ಕಲ್ಲು ಕಿತ್ತುಹೋದರೆ ಬೇಲಿ ವರ್ಷವರ್ಷಕ್ಕೂ ಸರಿಯುತ್ತದೆ. ಪ್ರಾಣಿಗಳಿಗೆ ಹೆಸರಿಡುವಾಗಲೂ ಹೀಗೇ. ಒಂದು ಹೆಸರಿಗೆ ಒಂದು ಮಾದರಿ ಪ್ರಾಣಿ ಇರುತ್ತದೆ, ಯಾವುದೋ ವಸ್ತುಸಂಗ್ರಹಾಲಯದ ಕಪಾಟಿನಲ್ಲಿ, ಚೀಟಿ ಕಟ್ಟಿಕೊಂಡು. ಸಂಶಯ ಬಂದಾಗ ಜಾಡಿ ತೆಗೆದು ನೋಡುತ್ತಾರೆ. ಜಾಡಿಯೇ ಇಲ್ಲದಿದ್ದರೆ ಪುಸ್ತಕದ ನಾಲ್ಕು ಸಾಲನ್ನು ಯಾರು ಹೇಗೆ ಬೇಕಾದರೂ ಓದಿಕೊಳ್ಳಬಹುದು.

ಮಾಗುರ್ ಮೀನಿನ ಮಟ್ಟಿಗೆ ಬಾಂದುಕಲ್ಲು ಬುಕನನ್‌ಗಿಂತ ಅರವತ್ತನಾಲ್ಕು ವರ್ಷ ಮೊದಲೇ ಕಳೆದಿತ್ತು. 1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ತನ್ನ 'ಸಿಸ್ಟೆಮಾ ನ್ಯಾಚುರೇ'ಯ ಹತ್ತನೇ ಆವೃತ್ತಿಯಲ್ಲಿ 'ಸೈಲ್ಯೂರಸ್ ಬಟ್ರಾಕಸ್' ಎಂಬ ಮೀನನ್ನು ಪಟ್ಟಿ ಮಾಡಿದ. ಬಟ್ರಾಕಸ್ ಎಂದರೆ ಗ್ರೀಕಿನಲ್ಲಿ ಕಪ್ಪೆ. ಚಪ್ಪಟೆ ತಲೆಯ ಈ ಮೀನಿನ ಮುಖ ನೋಡಿದವರಿಗೆ ಆ ಹೆಸರು ಒಪ್ಪುತ್ತದೆ. ಅದು ಸಿಗುವ ಜಾಗ ಎಲ್ಲಿ? ಲಿನೇಯಸ್ ಬರೆದದ್ದು ಎರಡೇ ಪದ: ಏಷ್ಯಾ, ಆಫ್ರಿಕಾ. ಇಷ್ಟು ದೊಡ್ಡ ವಿಳಾಸ ಕೊಟ್ಟರೆ ಯಾವ ಅಂಚೆಯವನಿಗೆ ಕಾಗದ ತಲುಪಿಸಲಾದೀತು! ಅವನು ಹೆಸರಿಟ್ಟ ಮೂಲ ಮೀನು ಯಾವ ಕಪಾಟಿನಲ್ಲೂ ಉಳಿದಿಲ್ಲ. 1777ರಲ್ಲಿ ಸ್ಕೋಪೋಲಿ ಈ ಮೀನುಗಳಿಗೆಂದು ಕ್ಲಾರಿಯಾಸ್ ಎಂಬ ಕುಲವನ್ನು ಬೇರೆ ಮಾಡಿದ. ಅಂದಿನಿಂದ ಅದು 'ಕ್ಲಾರಿಯಾಸ್ ಬಟ್ರಾಕಸ್'.

ಹತ್ತೊಂಬತ್ತನೇ ಶತಮಾನದವರು ಹೆಸರಿಡುವುದರಲ್ಲಿ ಜಿಪುಣರಾಗಿರಲಿಲ್ಲ. 1840ರಲ್ಲಿ ಪ್ಯಾರಿಸ್ಸಿನ ವಲೆನ್ಸಿಯೆನ್ ದಕ್ಷಿಣ ಭಾರತದಿಂದ ಬಂದ ಮೀನಿಗೆ ಕ್ಲಾರಿಯಾಸ್ ಡುಸ್ಸುಮಿಯೇರಿ ಎಂದು ಹೆಸರಿಟ್ಟ. ಬೋರ್ಡೋದ ವರ್ತಕ ಡುಸ್ಸುಮಿಯೇ ಹಡಗಿನಲ್ಲಿ ಸರಕಿನ ಜೊತೆ ಮೀನು, ಹಕ್ಕಿಗಳನ್ನೂ ಜಾಡಿಗಟ್ಟಲೆ ತಂದು ಪ್ಯಾರಿಸ್ಸಿನ ಮ್ಯೂಸಿಯಮ್ಮಿಗೆ ಸುರಿಯುತ್ತಿದ್ದ. ಆ ಋಣಕ್ಕೆ ಈ ಹೆಸರು. 1864ರಲ್ಲಿ ಗುಂಥರ್ ಸಿಲೋನಿನದನ್ನು ಬ್ರ್ಯಾಕಿಸೋಮಾ ಎಂದು ಬೇರ್ಪಡಿಸಿದ. ಮದರಾಸು ಸರ್ಕಾರದ ವೈದ್ಯನಾಗಿದ್ದು ಮೀನು ಹಿಂಬಾಲಿಸಿ ಇಡೀ ದೇಶ ಸುತ್ತಿದ ಫ್ರಾನ್ಸಿಸ್ ಡೇ 1877ರಲ್ಲಿ ಅಸ್ಸಾಮಿನದಕ್ಕೆ ಇನ್ನೊಂದು ಹೆಸರು ಕೊಟ್ಟ. ಈ ಕೊನೆಯದು ನಿಲ್ಲಲಿಲ್ಲ, ಅದೂ ಮಾಗುರೇ ಎಂದು ಈಗ ಲೆಕ್ಕ.

ಮುಂದಿನ ತಲೆಮಾರಿನವರು ಇದಕ್ಕೆ ತಿರುಗಿಬಿದ್ದರು. ಹೆಸರುಗಳು ಹೆಚ್ಚಾದವು, ಕೂಡಿಸೋಣ ಎಂಬ ಗಾಳಿ ಬೀಸಿತು. ಆ ಕಾಲದ ಭಾರತದ ಮೀನುವಿಜ್ಞಾನದಲ್ಲಿ ದೊಡ್ಡ ಹೆಸರು ಸುಂದರ್ ಲಾಲ್ ಹೋರಾ ಅವರದು. ಕೊಲ್ಕತ್ತದಲ್ಲಿ ಉಳಿದಿದ್ದ ಬುಕನನ್‌ನ ಚಿತ್ರಗಳನ್ನು ಹರವಿಕೊಂಡು 1929ರಲ್ಲಿ ಅವನ ಪುಸ್ತಕ ಓದುವವರಿಗೆ ಒಂದು ಕೈಪಿಡಿಯನ್ನೇ ಬರೆದವರು ಅವರು. 1936ರಲ್ಲಿ ಭಾರತ, ಬರ್ಮಾ, ಸಿಲೋನಿನ ಕ್ಲಾರಿಯಾಸ್‌ಗಳ ಮೇಲೂ ಬರೆದರು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ನಮ್ಮ ಪಠ್ಯಗಳಲ್ಲಿ ಮಾಗುರ್ ಎಂಬ ವೈಜ್ಞಾನಿಕ ಹೆಸರು ಅಳಿಸಿ, ಲಿನೇಯಸ್ಸಿನ ಬಟ್ರಾಕಸ್ ಗಟ್ಟಿಯಾಗಿ ತಳವೂರಿತ್ತು. ಹಿರಿಯ ಹೆಸರಿಗೇ ಮನ್ನಣೆ ಎಂಬುದು ಪ್ರಾಣಿಶಾಸ್ತ್ರದ ಕಾನೂನು. ಗಂಗೆಯದೂ ಮೆಕಾಂಗಿನದೂ ಜಾವಾದ್ದೂ ಒಂದೇ ಮೀನು ಎಂದು ಒಪ್ಪಿಕೊಂಡರೆ 1758ರ ಹೆಸರಿನ ಮುಂದೆ 1822ರ ಹೆಸರಿಗೆ ಜಾಗವಿಲ್ಲ. ತಪ್ಪಿದ್ದು ಕಾನೂನಿನಲ್ಲಲ್ಲ, ಒಂದೇ ಮೀನು ಎಂಬ ಒಪ್ಪಿಗೆಯಲ್ಲಿ.

ಬೇರೆ ಊರಿನ ಮೀನಿಗೂ ನಮ್ಮ ಮೀನಿಗೂ ಒಂದೇ ಹೆಸರಿಟ್ಟರೆ ಅದರ ಮೇಲೆ ಎಷ್ಟೋ ಮಾಳಿಗೆಗಳು ಏಳುತ್ತವೆ. ಮಲಯಾದ ಮೀನುಗಳೂ ಪಶ್ಚಿಮ ಘಟ್ಟದ ಮೀನುಗಳೂ ನೆಂಟರಂತೆ ಕಾಣುವುದೇಕೆ ಎಂದು ಕೇಳಿಕೊಂಡ ಹೋರಾ, 1940ರ ದಶಕದಲ್ಲಿ ಸಾತ್ಪುರ ಬೆಟ್ಟಸಾಲಿನ ಮೇಲೆ ಅವು ದಾಟಿಬಂದವು ಎಂಬ ಪ್ರಸಿದ್ಧ ವಾದ ಹೂಡಿದರು. ಅದಕ್ಕೆ ಆಧಾರ ಮುರುಗೋಡಲ್ಲ, ಬೆಟ್ಟದ ಝರಿಗಳ ಮೀನುಗಳು. ಆ ವಾದದ ಗುಣದೋಷ ಇಲ್ಲಿ ಬೇಡ. ಹೆಸರಿನ ಪಟ್ಟಿ ಅಲುಗಾಡಿದರೆ ಬೆಟ್ಟಸಾಲೂ ಅಲುಗಾಡುತ್ತದೆ ಎನ್ನುವುದಷ್ಟೇ ನನ್ನ ಮಾತು.

ಇತ್ತ ನಮ್ಮ ಪ್ರಯೋಗಾಲಯಗಳಲ್ಲಿ ಕ್ಲಾರಿಯಾಸ್ ಬಟ್ರಾಕಸ್ ಎಂಬ ತಲೆಬರಹದ ಕೆಳಗೆ ಪ್ರಬಂಧಗಳ ರಾಶಿ ಬೆಳೆಯಿತು. 1970ರ ದಶಕದಲ್ಲಿ ಗಾಳಿ ಉಸಿರಾಡುವ ಮೀನುಗಳ ಸಾಕಣೆಗೆಂದು ಭಾರತೀಯ ಕೃಷಿ ಸಂಶೋಧನಾ ಮಂಡಳಿ ದೊಡ್ಡ ಯೋಜನೆಯನ್ನೇ ಹಾಕಿಕೊಂಡಿತು. ಮೀನಿನ ಯಕೃತ್ತು, ರಕ್ತ, ಹಾರ್ಮೋನು, ಕೀಟನಾಶಕದಿಂದ ಆಗುವ ಹಾನಿ, ಹೀಗೆ ಓದದ ಸಂಗತಿಯಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಹುಡುಗರು ಅದೇ ಹೆಸರನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದರು. ಬಿಹಾರ ಸರ್ಕಾರ ಮಾಂಗುರ್ ಮೀನನ್ನು ರಾಜ್ಯಮೀನು ಎಂದು ಆರಿಸಿಕೊಂಡಾಗ ಪಟ್ಟಿಯಲ್ಲಿ ಬರೆದದ್ದೂ ಕ್ಲಾರಿಯಾಸ್ ಬಟ್ರಾಕಸ್ ಎಂದೇ.

ಅಪಸ್ವರ ಮೊದಲು ಕೇಳಿಬಂದದ್ದು ಸೂಕ್ಷ್ಮದರ್ಶಕದ ಕೆಳಗೆ. ಜೀವಕೋಶದಲ್ಲಿ ವರ್ಣತಂತುಗಳನ್ನು ಎಣಿಸುವುದು ಒಂದು ಕಾಲಕ್ಕೆ ನಮ್ಮ ವಿಶ್ವವಿದ್ಯಾಲಯಗಳ ಮೆಚ್ಚಿನ ಕೆಲಸ. ಭಾರತದ ಬಟ್ರಾಕಸ್ಸಿನಲ್ಲಿ ಎಣಿಸಿದವರಿಗೆ 50 ಸಿಕ್ಕಿತು. ಥಾಯ್ಲೆಂಡಿನ ಬಟ್ರಾಕಸ್ಸಿನಲ್ಲಿ ಎಣಿಸಿದವರಿಗೆ 100ರ ಆಸುಪಾಸು. ಒಂದೆರಡು ಆಚೀಚೆಯಾದರೆ ಎಣಿಕೆಯ ತಪ್ಪು ಎನ್ನಬಹುದು, ಇದು ಅರ್ಧಕ್ಕರ್ಧ! ಇಷ್ಟು ಅಂತರವಿರುವ ಎರಡು ಮೀನು ಕೂಡಿ ಮರಿ ಮಾಡಿ ವಂಶ ನಡೆಸುವುದು ಉಂಟೇ? ಆದರೂ ವರ್ಷಗಟ್ಟಲೆ ಎರಡು ಲೆಕ್ಕವೂ ಒಂದೇ ಹೆಸರಿನ ಕೆಳಗೆ ಸುಮ್ಮನೆ ಕೂತಿದ್ದವು. ಎಣಿಸುವವರು ಎಣಿಸುತ್ತಿದ್ದರು, ಹೆಸರಿಡುವವರು ಬೇರೆ ಕೋಣೆಯಲ್ಲಿದ್ದರು. ನಮ್ಮ ವಿಜ್ಞಾನದ ಒಂದು ದೊಡ್ಡ ಕಾಯಿಲೆಯೇ ಈ ಕೋಣೆಗಳು ಎಂದು ನನಗೆ ಅನಿಸುತ್ತದೆ.

ಇದೇ ಕಾಲಕ್ಕೆ ಆಫ್ರಿಕದ ಮೀನುಗಳಲ್ಲಿ ಕತೆ ತಲೆಕೆಳಗಾಗಿತ್ತು. ಏಷ್ಯಾದಲ್ಲಿ ಒಂದು ಹೆಸರಿನಡಿ ಹಲವು ಮೀನು; ಅಲ್ಲಿ ಒಂದು ಮೀನಿಗೆ ಹಲವು ಹೆಸರು. ಬುಕನನ್‌ನ ಪುಸ್ತಕ ಬಂದ 1822ರಲ್ಲೇ ವಿಲಿಯಂ ಬರ್ಚೆಲ್ ಎಂಬವನ ದಕ್ಷಿಣ ಆಫ್ರಿಕಾ ಪ್ರವಾಸಕಥನವೂ ಹೊರಬಂದಿತ್ತು. ಆರೆಂಜ್ ನದಿಯನ್ನು ಅಲ್ಲಿನ ಜನ ಗರೀಪ್ ಎನ್ನುತ್ತಾರೆ. ಆ ನದಿಯಲ್ಲಿ ಸಿಕ್ಕ ಮೀಸೆಯ ಮೀನನ್ನು ಬರ್ಚೆಲ್ ಗರೀಪೀನಸ್ ಎಂದು ಕರೆದ. ಆಮೇಲಿನವರು ನೈಲ್ ನದಿಯದಕ್ಕೆ ಲಾಜೇರಾ, ಮೊಜಾಂಬಿಕ್ಕಿನದಕ್ಕೆ ಮೊಸಾಂಬಿಕಸ್ ಎಂದೆಲ್ಲ ಹೆಸರಿಟ್ಟರು. ಇವುಗಳನ್ನು ಬೇರ್ಪಡಿಸಲು ಹಿಡಿದುಕೊಂಡ ಗುರುತುಗಳಲ್ಲಿ ಒಂದು ಕಿವಿರಿನ ಒಳಗಿನ ಬಾಚಣಿಗೆಯಂಥ ಹಲ್ಲುಗಳ ಎಣಿಕೆ. ಬೆಲ್ಜಿಯಮ್ಮಿನ ಗೀ ಟ್ಯೂಗೆಲ್ಸ್ ಕಪಾಟುಗಳಲ್ಲಿದ್ದ ಮೀನುಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಅಳೆದಾಗ ಗುಟ್ಟು ಬಯಲಾಯಿತು: ಗರೀಪೀನಸ್ಸಿನಲ್ಲಿ ಆ ಹಲ್ಲುಗಳು ಮೀನು ಬೆಳೆದಂತೆ ಹೆಚ್ಚುತ್ತ ಹೋಗುತ್ತವೆ, 24ರಿಂದ ಶುರುವಾಗಿ 110ರವರೆಗೆ. ಹುಡುಗನ ಮೀಸೆಯನ್ನೂ ಅಪ್ಪನ ಮೀಸೆಯನ್ನೂ ಹೋಲಿಸಿ ಇಬ್ಬರೂ ಬೇರೆ ಕುಲದವರು ಎಂದಂತಾಗಿತ್ತು. 1982ರಲ್ಲಿ ಟ್ಯೂಗೆಲ್ಸ್ ಐದು ಹೆಸರುಗಳನ್ನು ಎರಡಕ್ಕೆ ಇಳಿಸಿದರು. ಕೇಪ್‌ನಿಂದ ನೈಲ್‌ವರೆಗಿನ ಆ ದೊಡ್ಡ ಮೀನು ಒಂದೇ, ಅದು ಬರ್ಚೆಲ್ ಹೇಳಿದ ಕ್ಲಾರಿಯಾಸ್ ಗರೀಪೀನಸ್.

ಏಷ್ಯಾದ ಗಂಟು ಬಿಚ್ಚಿದವರು ಇಬ್ಬರು: ಸಿಂಗಾಪುರದ ಹಿಯೋಕ್ ಹೀ ಎಂಗ್ ಮತ್ತು ಸ್ವಿಟ್ಜರ್ಲೆಂಡಿನ ಮೌರಿಸ್ ಕಾಟಲಾ. ಇಬ್ಬರೂ ಕಪಾಟಿನ ಮನುಷ್ಯರು. ಒಂದೊಂದು ಮೀನಿನ ತಲೆಯನ್ನು ಮೇಲಿನಿಂದ, ಪಕ್ಕದಿಂದ ನೋಡಿ, ಹಿಂದಲೆಯ ಎಲುಬು ಎಷ್ಟು ಅಗಲ, ಅಲ್ಲಿಂದ ಬೆನ್ನರೆಕ್ಕೆಗೆ ಎಷ್ಟು ದೂರ, ಎದೆಮುಳ್ಳಿನ ಅಂಚು ಎಂಥದು ಎಂದು ಅಳೆಯುವುದು ಅವರ ದಿನದ ಕಸುಬು. 2008ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯ ಪ್ರಾಣಿಶಾಸ್ತ್ರ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಎಂಟೇ ಪುಟ. ಲಿನೇಯಸ್ಸನ ತೊಡಕನ್ನು ಬಿಡಿಸಿದ್ದು ಲಿನೇಯಸ್ಸನ ಹೆಸರಿನ ಪತ್ರಿಕೆಯಲ್ಲೇ!

ಅವರು ಮಾಡಿದ್ದು ಸರ್ವೆಯವರ ಕೆಲಸ. ಮೂಲ ಮಾದರಿ ಇಲ್ಲದೆ ಗೊಂದಲವಾಗಿದ್ದರೆ ಹೊಸದೊಂದನ್ನು ಗೊತ್ತುಮಾಡಲು ಪ್ರಾಣಿನಾಮಗಳ ಅಂತರರಾಷ್ಟ್ರೀಯ ಕಟ್ಟಳೆಯಲ್ಲಿ ಅವಕಾಶವಿದೆ. ಜಾವಾ ದ್ವೀಪದ ಒಂದು ಮೀನನ್ನು ಅವರು ಬಟ್ರಾಕಸ್ಸಿನ ಹೊಸ ಮಾದರಿ ಎಂದು ಸಾರಿದರು. ಬಾಂದುಕಲ್ಲು ನೆಟ್ಟದ್ದಾಯಿತು. ಇನ್ನು ಮೇಲೆ ಜಾವಾದ ಆ ಮೀನಿಗೆ ಹೊಂದುವುದು ಮಾತ್ರ ಬಟ್ರಾಕಸ್. ಗಂಗೆ, ಬ್ರಹ್ಮಪುತ್ರದ ಮೀನನ್ನು ಅದರ ಪಕ್ಕದಲ್ಲಿಟ್ಟರೆ ತಲೆಯ ಎಲುಬೂ ಮುಳ್ಳೂ ಹೊಂದುವುದಿಲ್ಲ. ಹಾಗಾದರೆ ಇದರ ಹೆಸರು? ಹುಡುಕುವ ತೊಂದರೆಯೇ ಇರಲಿಲ್ಲ, 1822ರಿಂದ ಅಲ್ಲೇ ಕಾದಿತ್ತು. 'ಕ್ಲಾರಿಯಾಸ್ ಮಾಗುರ್ (ಹ್ಯಾಮಿಲ್ಟನ್, 1822)'. ಹ್ಯಾಮಿಲ್ಟನ್ ಹೆಸರಿನ ಸುತ್ತ ಹಾಕಿದ ಆವರಣಕ್ಕೂ ಅರ್ಥವಿದೆ: ಹೆಸರಿಟ್ಟಾಗ ಅವನು ಮೀನನ್ನು ಬೇರೆ ಕುಲದಲ್ಲಿ ಸೇರಿಸಿದ್ದ, ಈಗ ಕುಲ ಬದಲಾಗಿದೆ ಎಂದು. ಜಮೀನಿನ ಪತ್ರದಲ್ಲಿ ಹಳೆಯ ಖಾತೆದಾರನ ಹೆಸರು ಉಳಿಸಿಕೊಂಡ ಹಾಗೆ.

ಥಾಯ್ಲೆಂಡ್ ಮತ್ತು ಸುತ್ತಲಿನ ನಾಡುಗಳ ಮೀನು ಇವೆರಡರಲ್ಲಿ ಯಾವುದೂ ಅಲ್ಲ. ಅದನ್ನು 'ಬಟ್ರಾಕಸ್‌ಗೆ ಹತ್ತಿರದ್ದು' ಎಂದಷ್ಟೇ ಬರೆದು ಬಿಟ್ಟರು. ಇದರಿಂದ ಒಂದು ತಮಾಷೆಯೂ ಆಯಿತು. 1960ರ ದಶಕದಲ್ಲಿ ಥಾಯ್ಲೆಂಡಿನಿಂದ ಅಲಂಕಾರಕ್ಕೆಂದು ಅಮೆರಿಕದ ಫ್ಲಾರಿಡಾಕ್ಕೆ ತರಿಸಿದ ಮೀನುಗಳು ತಪ್ಪಿಸಿಕೊಂಡು, ಮಳೆಯಲ್ಲಿ ರಸ್ತೆ ದಾಟುತ್ತ 'ನಡೆಯುವ ಮೀನು' ಎಂದು ಜಗತ್ತಿಗೇ ಹೆಸರಾಗಿದ್ದವು. ಅವುಗಳ ಮೇಲೆ ಬರೆದ ಪುಸ್ತಕಗಳೆಲ್ಲ ಬಟ್ರಾಕಸ್ ಎಂದೇ ಹೇಳುತ್ತಿದ್ದವು. ಆ ಕುಖ್ಯಾತಿಯಲ್ಲಿ ಜಾವಾದ ಬಡಪಾಯಿ ಮೀನಿನ ಪಾಲು ಏನೂ ಇಲ್ಲ.

ಹೆಸರಿನಲ್ಲೇನಿದೆ, ತಿನ್ನುವವರಿಗೆ ಸಾರು ರುಚಿಯಾದರೆ ಸಾಕು ಎನ್ನುವವರಿದ್ದಾರೆ. ಅವರಿಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯನ್ನು ತೋರಿಸಬೇಕು. ಇಂಡೋನೇಷ್ಯಾದಿಂದ ಭಾರತದವರೆಗೆ ಹರಡಿದ ಒಂದೇ ಮೀನು ಎಂದಿರುವಾಗ ಅದಕ್ಕೆ ಅಪಾಯವಿದೆ ಎಂದು ಯಾರೂ ಹೇಳಲಾರರು. ಇಲ್ಲಿ ಕಡಿಮೆಯಾದರೆ ಅಲ್ಲಿ ಇದೆಯಲ್ಲ. ಮಾಗುರ್ ಬೇರೆ ಎಂದು ಗೊತ್ತಾದ ಮೇಲೆ ಅದನ್ನೇ ಪ್ರತ್ಯೇಕವಾಗಿ ತೂಗಿದರು. ಜಾವಾದ ಬಟ್ರಾಕಸ್‌ಗೆ ಸದ್ಯಕ್ಕೆ ಆತಂಕವಿಲ್ಲ. ನಮ್ಮ ಮಾಗುರ್ ಅಳಿವಿನಂಚಿನ ಪಟ್ಟಿಯಲ್ಲಿದೆ. ಪಶ್ಚಿಮ ಘಟ್ಟದ ಡುಸ್ಸುಮಿಯೇರಿ ಅದರ ಹೊಸ್ತಿಲಲ್ಲಿದೆ.

ಮಾಗುರ್ ಹೀಗಾಗಲು ಕಾರಣಗಳಲ್ಲಿ ಒಂದು, ಬರ್ಚೆಲ್‌ನ ಅದೇ ಆಫ್ರಿಕದ ಮೀನು. ಮಾಗುರ್ ಸಾಕುವುದು ತಾಳ್ಮೆಯ ಕೆಲಸ. ಎಂಟು ಹತ್ತು ತಿಂಗಳು ಸಾಕಿದರೂ ತೂಕ ನೂರು ಚಿಲ್ಲರೆ ಗ್ರಾಂ. ಮರಿ ಮಾಡಿಸಬೇಕಾದರೆ ಹೆಣ್ಣಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಹಿಂಡಬಹುದು, ಗಂಡಿನಿಂದ ಹಾಗೆ ಹಿಂಡಲಾಗುವುದಿಲ್ಲ. ಅದನ್ನು ಕೊಯ್ದು ವೃಷಣ ತೆಗೆದು ಅರೆಯಬೇಕು. ಗರೀಪೀನಸ್ ಅಷ್ಟೇ ಸಮಯದಲ್ಲಿ ಕಿಲೋ ದಾಟುತ್ತದೆ, ಹಾಕಿದ್ದನ್ನು ತಿನ್ನುತ್ತದೆ. 1990ರ ದಶಕದಲ್ಲಿ ಅದು ಬಾಂಗ್ಲಾದೇಶದ ಕಡೆಯಿಂದ ಕದ್ದುಮುಚ್ಚಿ ಒಳಗೆ ಬಂತು. 2000ದಲ್ಲಿ ಕೇಂದ್ರ ಸರ್ಕಾರ ಅದರ ಸಾಕಣೆಯನ್ನು ನಿಷೇಧಿಸಿತು. ನಿಷೇಧ ಕಾಗದದಲ್ಲಿ ಉಳಿಯಿತು, ಮೀನು ಹೊಂಡದಲ್ಲಿ ಬೆಳೆಯಿತು. ಬೆಂಗಳೂರಿನ ಸುತ್ತ ಕೋಳಿ ಅಂಗಡಿಯ ತ್ಯಾಜ್ಯ ಸುರಿದು ಕ್ಯಾಟ್‌ಫಿಶ್ ಸಾಕುವ ಹೊಂಡಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಉತ್ತರದಲ್ಲಿ ಇದಕ್ಕೆ 'ಥಾಯ್ ಮಾಂಗುರ್' ಎಂದು ಹೆಸರು. ಇದು ಥಾಯ್ಲೆಂಡಿನದೂ ಅಲ್ಲ, ಮಾಂಗುರ್ ಕೂಡ ಅಲ್ಲ. ಈ ಒಂದು ಹೆಸರಿನಿಂದ, ನಿಷೇಧವಾಗಿರುವುದು ಮಾಗುರ್ ಮೀನೇ ಎಂದು ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಅಳಿಯುತ್ತಿರುವುದರ ಹೆಸರನ್ನು ಅಳಿಸುತ್ತಿರುವುದಕ್ಕೆ ಕೊಟ್ಟ ಹಾಗಾಯಿತು.

ಎರಡು ವರ್ಷದ ಕೆಳಗೆ ಮಳೆಗಾಲದಲ್ಲಿ ಕರಾವಳಿಯ ಒಂದು ಪೇಟೆಯ ಮೀನು ಮಾರ್ಕೆಟ್ಟಿಗೆ ಹೋಗಿದ್ದೆ. ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ತೋಳುದ್ದದ ಕಪ್ಪು ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಮಾರುವ ಹೆಂಗಸನ್ನು ಕೇಳಿದೆ:

"ಅಕ್ಕಾ, ಇದು ಮುಗುಡಾ?"

"ಅಲ್ಲ ಮಾರಾಯ್ರೇ, ಇದು ಸಾಕಿದ್ದು. ಊರ ಮುಗುಡು ಈಗ ಎಲ್ಲುಂಟು?"

ಒಂದನ್ನು ಹಿಡಿದು ತಲೆಯ ಮೇಲ್ಭಾಗ ನೋಡಿದೆ. ಲೋಳೆ ಒರೆಸಿದರೆ ಚರ್ಮದಡಿಯ ಎಲುಬಿನ ಗೆರೆ ಕಾಣುತ್ತದೆ. ಕತ್ತಿನ ಕಡೆಗೆ ಆ ಅಂಚು ಒಂದೇ ಕಮಾನಿನಂತೆ ಚೂಪಾಗಿ ಮುಗಿದಿದ್ದರೆ ನಮ್ಮ ಕಡೆಯದು. ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂತೆ ಮೂಲೆಮೂಲೆಯಾಗಿದ್ದರೆ ಆಫ್ರಿಕದ್ದು. ನನ್ನ ಕೈಯಲ್ಲಿದ್ದದ್ದು ಸ್ಪಷ್ಟವಾಗಿ ಡಬ್ಲ್ಯೂ. ಆಕೆಗೆ ಎಲುಬು ನೋಡುವ ಅಗತ್ಯವಿರಲಿಲ್ಲ. ಊರ ಕೋಳಿ, ಊರ ಅಕ್ಕಿ ಎನ್ನುವ ಹಾಗೆ ಊರ ಮುಗುಡು ಎಂಬ ಒಂದು ಮಾತಿನಲ್ಲಿ ಟ್ಯೂಗೆಲ್ಸ್, ಎಂಗ್, ಕಾಟಲಾ ಮೂವರ ಕೆಲಸವನ್ನೂ ಮುಗಿಸಿದ್ದಳು. ಬಂಗಾಳದಲ್ಲೂ ಅಷ್ಟೇ, ಅಲ್ಲಿ 'ದೇಶಿ ಮಾಗುರ್' ಎನ್ನುತ್ತಾರೆ. ಬುಕನನ್‌ನ ಬುದ್ಧಿವಂತಿಕೆ ಇದ್ದದ್ದು ಇಂಥವರ ಮಾತಿಗೆ ಕಿವಿಗೊಟ್ಟದ್ದರಲ್ಲಿ.

ಜನರ ಕಣ್ಣನ್ನು ವಿಜ್ಞಾನ ಈಗ ಮತ್ತೆ ನಂಬುತ್ತಿದೆ ಎನ್ನುವುದಕ್ಕೆ ಕೇರಳದಲ್ಲಿ ಒಂದು ಸಾಕ್ಷಿ ಇದೆ. ಅಲ್ಲಿನ ಜಂಬಿಟ್ಟಿಗೆ ನೆಲದಡಿಯ ನೀರಿನಲ್ಲಿ, ಬಾವಿಗಳ ತಳದಲ್ಲಿ, ಬೆರಳಿಗಿಂತ ಸಣ್ಣ, ಕಣ್ಣಿಲ್ಲದ, ನಸುಗೆಂಪು ಮೀನೊಂದಿದೆ. ಇದೂ ಮುಗುಡಿನ ಮನೆತನದ್ದೇ. 1950ರಲ್ಲಿ ಎ. ಜಿ. ಕೆ. ಮೆನನ್ ಇದನ್ನು ಮೊದಲು ವಿವರಿಸಿ ಹೋರಾ ಅವರ ಗೌರವಾರ್ಥ ಹೋರಾಗ್ಲಾನಿಸ್ ಎಂದು ಕುಲದ ಹೆಸರಿಟ್ಟರು. ಬಾವಿ ತೋಡುವವರು, ಟ್ಯಾಂಕು ತೊಳೆಯುವವರು, ನಲ್ಲಿಯಲ್ಲಿ ಮೀನು ಬಂತೆಂದು ಬೆರಗಾದ ಮನೆಯವರು ಕೊಟ್ಟ ಸುಳಿವುಗಳಿಂದ ಇದೇ ಕುಲದ ಇನ್ನೊಂದು ಪ್ರಭೇದ 2023ರಲ್ಲಿ ಬೆಳಕಿಗೆ ಬಂತು. ಅದನ್ನು ವಿವರಿಸಿದವರು 'ಪಾಪ್ಯುಲಿ' ಎಂದರು. ಜನರದು ಎಂದು ಅರ್ಥ.

ಮಾಗುರ್ ವಿಷಯದಲ್ಲಿ ಕಾಗದದ ಕೆಲಸ ಬಹುಮಟ್ಟಿಗೆ ಮುಗಿದಿದೆ. 2021ರಲ್ಲಿ ಭಾರತೀಯ ವಿಜ್ಞಾನಿಗಳು ಇದರ ಇಡೀ ಜೀನೋಮ್ ಓದಿ ಪ್ರಕಟಿಸಿದಾಗ ಶೀರ್ಷಿಕೆಯಲ್ಲೇ ಹ್ಯಾಮಿಲ್ಟನ್‌ನ ಹೆಸರೂ 1822 ಎಂಬ ಇಸವಿಯೂ ಇದ್ದವು. ಅದಕ್ಕೂ ಮೊದಲಿನ ಅರ್ಧ ಶತಮಾನದ ಪ್ರಬಂಧಗಳಲ್ಲಿ ಬಟ್ರಾಕಸ್ ಎಂದಿದ್ದದ್ದನ್ನು ಓದುಗರು ತಾವೇ ತಿದ್ದಿ ಓದಿಕೊಳ್ಳಬೇಕು. ನಮ್ಮ ರಾಜ್ಯದ ಕೆರೆ, ಹೊಳೆಗಳ ಹಳೆಯ ಮೀನುಪಟ್ಟಿಗಳಿಗೂ ಇದೇ ಮಾತು. ಘಟ್ಟದ ಹಳ್ಳದ್ದನ್ನೂ ಬಯಲಿನ ಕೆರೆಯದನ್ನೂ ಒಂದೇ ಸಾಲಿನಲ್ಲಿ ಬಟ್ರಾಕಸ್ ಎಂದು ಬರೆದು ಮುಂದೆ ಹೋದ ಪಟ್ಟಿಗಳವು. ಆ ಸಾಲನ್ನು ಕಚೇರಿಯಲ್ಲಿ ಕೂತು ತಿದ್ದಲಾಗುವುದಿಲ್ಲ, ಮೀನನ್ನೇ ನೋಡಬೇಕು.

ಅದಕ್ಕೇ ಒಂದು ಕೋರಿಕೆ. ಮುಂಗಾರಿನ ಮೊದಲ ಮಳೆಗೆ ಮಲೆನಾಡಿನಲ್ಲಿ ಹತ್ತುಮೀನಿಗೆ, ತುಳುನಾಡಿನಲ್ಲಿ ಉಬರ್‌ಗೆ ಹೋಗುವವರು ಇನ್ನೂ ಇದ್ದಾರೆ. ಆಗ ಗದ್ದೆಗೆ ಹತ್ತಿ ಬರುವ ಮುಗುಡು ಮೊಟ್ಟೆ ತುಂಬಿದ ಹೆಣ್ಣು, ಬುಟ್ಟಿಗೆ ಹಾಕದೆ ಬಿಟ್ಟರೆ ಒಳ್ಳೆಯದು. ಬಿಡುವ ಮೊದಲು ತಲೆಯನ್ನು ಮೇಲಿನಿಂದ, ಎದೆಮುಳ್ಳನ್ನು ಪಕ್ಕದಿಂದ ಮೊಬೈಲಿನಲ್ಲಿ ಹಿಡಿಯಿರಿ. ಊರು, ಹಳ್ಳದ ಹೆಸರು, ತಾರೀಖು, ನಿಮ್ಮಲ್ಲಿ ಆ ಮೀನಿಗೆ ಹೇಳುವ ಹೆಸರು ಇಷ್ಟನ್ನು ಬರೆದು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಕಳಿಸಿ. ಊರಿನ ಹೆಸರನ್ನು ಬರೆಯಲು ಮಾತ್ರ ಮರೆಯಬೇಡಿ.